ಹಳೆಯ ಸಾಫ್ಟ್‌ವೇರ್, ಹೊಸ ಕಂಪ್ಯೂಟರ್: ಲಿಬ್ರೆಆಫೀಸ್, ಡಾಸ್‌ಬಾಕ್ಸ್-ಎಕ್ಸ್, ಓಟಿವಿಡಿಎಂ, ವರ್ಚುವಲ್‌ಬಾಕ್ಸ್ ಎಷ್ಟರ ಮಟ್ಟಿಗೆ ಕೈಹಿಡಿಯುತ್ತವೆ?

ಹಳೆಯ ಪ್ರೋಗ್ರಾಂ ಒಂದನ್ನು ಹೊಸ ಕಂಪ್ಯೂಟರಿನಲ್ಲಿ ಕ್ಲಿಕ್ ಮಾಡಿದರೆ 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ' ಎಂಬ ಒಂದು ಸಾಲು ಬಂದು ನಿಲ್ಲುತ್ತದೆ. ಏಕೆ ನಡೆಯುವುದಿಲ್ಲ ಎಂಬ ವಿವರ ಅದರಲ್ಲಿ ಇರುವುದಿಲ್ಲ. ಆಗ ಹೆಚ್ಚಿನವರು ಸೀದಾ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ನಡೆಯುವ ಇನ್ನೊಂದು ಕಂಪ್ಯೂಟರ್) ಕಟ್ಟಲು ಕೂರುತ್ತಾರೆ. ಅವರಿಗೆ ಬೇಕಾಗಿದ್ದದ್ದು ಹಳೆಯ ಫೈಲಿನೊಳಗಿನ ಬರಹ ಮಾತ್ರವಾಗಿದ್ದರೂ ಇಡೀ ವಿಂಡೋಸ್ ಎಕ್ಸ್‌ಪಿಯನ್ನು ಎಬ್ಬಿಸುತ್ತಾರೆ. ಇಲ್ಲಿ ಪರಿಶೀಲಿಸಿರುವ ನಾಲ್ಕು ಸಾಧನಗಳೂ ಉಚಿತ, ನಾಲ್ಕೂ ಒಳ್ಳೆಯವು. ಆದರೆ ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ನಾಲ್ಕೂ ನಿರಾಸೆ ಮಾಡುತ್ತವೆ. ಬೇಕಿರುವುದು ಫೈಲೋ ಪ್ರೋಗ್ರಾಮೋ ಎಂಬುದನ್ನು ಮೊದಲು ತೀರ್ಮಾನಿಸಿ. ಫೈಲ್ ಆದರೆ ಲಿಬ್ರೆಆಫೀಸಿನಿಂದಲೇ ಶುರು ಮಾಡಿ. ಅದು ಆಗದಿದ್ದಾಗ ಮಾತ್ರ ಪ್ರೋಗ್ರಾಂ ನಡೆಸುವ ಸಾಹಸಕ್ಕೆ ಇಳಿಯಿರಿ.

ಲಿಬ್ರೆಆಫೀಸ್: ಹಳೆಯ ಫೈಲಿಗೆ ಮೊದಲ ಬಾಗಿಲು

ಲಿಬ್ರೆಆಫೀಸನ್ನು ಮೈಕ್ರೋಸಾಫ್ಟ್ ಆಫೀಸಿನ ಉಚಿತ ಬದಲಿ ಎಂದಷ್ಟೇ ನೋಡುವವರು ಅದರ ನಿಜವಾದ ಶಕ್ತಿಯನ್ನು ಕಂಡಿಲ್ಲ. ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್, ಲೋಟಸ್ 1-2-3, ಡಿಬೇಸ್, ಕೋರೆಲ್‌ಡ್ರಾ, ಪಬ್ಲಿಷರ್, ವಿಸಿಯೋ, ಪೇಜ್‌ಮೇಕರ್, ಕ್ವಾರ್ಕ್‌ಎಕ್ಸ್‌ಪ್ರೆಸ್, ಹಳೆಯ ಮ್ಯಾಕ್‌ನ ಕ್ಲಾರಿಸ್‌ವರ್ಕ್ಸ್ ಇವಿಷ್ಟನ್ನೂ ಓದುವ ಫಿಲ್ಟರ್‌ಗಳು ಅದರೊಳಗೇ ಇವೆ. ಎಲ್ಲದರ ಗುಣಮಟ್ಟ ಒಂದೇ ಅಲ್ಲ. ವರ್ಡ್‌ಪರ್ಫೆಕ್ಟ್ ಮತ್ತು ವರ್ಕ್ಸ್ ಫೈಲುಗಳು ಅಡಿಟಿಪ್ಪಣಿ, ಕೋಷ್ಟಕ ಸಮೇತ ಚೆನ್ನಾಗಿಯೇ ಬರುತ್ತವೆ. ಲೋಟಸ್ ಹಾಳೆಗಳಲ್ಲಿ ಅಂಕಿಗಳೂ ಸೂತ್ರಗಳೂ ಉಳಿಯುತ್ತವೆ, ಮ್ಯಾಕ್ರೋ ಉಳಿಯುವುದಿಲ್ಲ. ಕೋರೆಲ್‌ಡ್ರಾ ಚಿತ್ರಗಳಲ್ಲಿ ರೇಖೆ, ಬಣ್ಣ ಬರುತ್ತವೆ, ಲೆನ್ಸ್‌ನಂಥ ಎಫೆಕ್ಟ್‌ಗಳ ಮೇಲೆ ಭರವಸೆ ಇಡಬೇಡಿ. ಪೇಜ್‌ಮೇಕರ್ ಫೈಲುಗಳು ಡ್ರಾ ಭಾಗದಲ್ಲಿ ತೆರೆದುಕೊಳ್ಳುತ್ತವೆ. ಪುಟವಿನ್ಯಾಸ ಅಲ್ಲಲ್ಲಿ ಜಾರಿರುತ್ತದೆ, ಆದರೆ ಬರಹ ಕೈಗೆ ಸಿಗುತ್ತದೆ. ಪುಸ್ತಕವೊಂದನ್ನು ಮತ್ತೆ ಕಟ್ಟಬೇಕಾದವರಿಗೆ ಬೇಕಾದದ್ದೂ ಅದೇ.

ಫೈಲ್ ತೆರೆಯದಿದ್ದರೆ ಅದರ ಹೆಸರನ್ನು ನಂಬಬೇಡಿ. 'ಡಾಟ್ ಡಾಕ್' ಎಂಬ ಬಾಲವನ್ನು ಮೈಕ್ರೋಸಾಫ್ಟ್ ವರ್ಡ್ ಮಾತ್ರವಲ್ಲ, ವರ್ಡ್‌ಸ್ಟಾರ್, ವರ್ಡ್‌ಪರ್ಫೆಕ್ಟ್ ಬಳಕೆದಾರರೂ ಧಾರಾಳವಾಗಿ ಅಂಟಿಸುತ್ತಿದ್ದರು. ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರಿನಲ್ಲಿ (ಫೈಲನ್ನು ಬೈಟ್ ಬೈಟ್ ಆಗಿ ತೋರಿಸುವ ಪ್ರೋಗ್ರಾಂ) ತೆರೆದು ಮೊದಲ ಕೆಲವು ಬೈಟ್ ನೋಡಿ. 'ಡಿ0 ಸಿಎಫ್ 11 ಇ0' ಎಂದಿದ್ದರೆ ವರ್ಡ್, ಎಕ್ಸೆಲ್‌ಗಳ ಹಳೆಯ ಬೈನರಿ ಕಟ್ಟು. 'ಪಿಕೆ' ಅಕ್ಷರಗಳಿದ್ದರೆ ಜಿಪ್, ಅಂದರೆ ಹೊಸ ಡಾಕ್‌ಎಕ್ಸ್ ಅಥವಾ ಓಡಿಟಿ ಇರಬಹುದು. 'ಎಫ್‌ಎಫ್' ಬೈಟಿನ ನಂತರ 'ಡಬ್ಲ್ಯೂಪಿಸಿ' ಎಂದು ಕಂಡರೆ ವರ್ಡ್‌ಪರ್ಫೆಕ್ಟ್. ಇಂಗ್ಲಿಷ್ ಪದಗಳು ಓದಲು ಸಿಕ್ಕು, ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರ ಚಿಹ್ನೆಯಾಗಿದ್ದರೆ ಅದು ಬಹುತೇಕ ವರ್ಡ್‌ಸ್ಟಾರ್. ಆ ಪ್ರೋಗ್ರಾಂ ಪದದ ಕೊನೆಯ ಅಕ್ಷರದ ಎಂಟನೇ ಬಿಟ್ ಅನ್ನು ತನ್ನ ಜೋಡಣೆಯ ಲೆಕ್ಕಕ್ಕೆ ಬಳಸುತ್ತಿತ್ತು. ಎಲ್ಲ ಬೈಟ್‌ಗಳ ಎಂಟನೇ ಬಿಟ್ ತೆಗೆದರೆ ಬರಹ ಸ್ವಚ್ಛವಾಗುತ್ತದೆ, ದಪ್ಪಕ್ಷರ, ಅಡಿಗೆರೆಯ ನಿಯಂತ್ರಣ ಗುರುತುಗಳಷ್ಟೇ ಉಳಿಯುತ್ತವೆ.

ಡಿಬೇಸ್, ಫಾಕ್ಸ್‌ಪ್ರೊ, ಕ್ಲಿಪ್ಪರ್ ಎಂಬ ಹಳೆಯ ಡೇಟಾಬೇಸ್ ಪ್ರೋಗ್ರಾಂಗಳ ಕಾಲದ 'ಡಾಟ್ ಡಿಬಿಎಫ್' ಫೈಲುಗಳನ್ನು ಲಿಬ್ರೆಆಫೀಸಿನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ನಲ್ಲಿ ತೆರೆದಾಗ ಅಕ್ಷರಗಣ ಯಾವುದು ಎಂದು ಅದು ಕೇಳುತ್ತದೆ. ಡಾಸ್ (ವಿಂಡೋಸಿಗೆ ಮೊದಲಿನ, ಬರೀ ಪಠ್ಯ ಪರದೆಯ ವ್ಯವಸ್ಥೆ) ಕಾಲದ ಫೈಲಿಗೆ 437 ಅಥವಾ 850 ಕೋಡ್‌ಪೇಜ್ ಕೊಡಬೇಕು. ಯೂನಿಕೋಡ್ ಕೊಟ್ಟರೆ ಗೆರೆಗಳೂ ವಿಶೇಷ ಅಕ್ಷರಗಳೂ ಕೆಡುತ್ತವೆ. ಮೆಮೊ ಫೀಲ್ಡಿನ ಉದ್ದ ಬರಹ ಡಿಬಿಎಫ್‌ನೊಳಗೆ ಇರುವುದೇ ಇಲ್ಲ. ಅದೇ ಹೆಸರಿನ 'ಡಿಬಿಟಿ' ಅಥವಾ 'ಎಫ್‌ಪಿಟಿ' ಫೈಲಿನಲ್ಲಿರುತ್ತದೆ. ಹಳೆಯ ಡಿಸ್ಕಿನಿಂದ ನಕಲು ಮಾಡುವಾಗ ಅದನ್ನು ಬಿಟ್ಟು ಬಂದರೆ ಟಿಪ್ಪಣಿಗಳೆಲ್ಲ ಖಾಲಿ. ಇನ್ನೊಂದು ಎಚ್ಚರ: ಕ್ಯಾಲ್ಕ್‌ನಲ್ಲಿ ತೆರೆದ ಡಿಬಿಎಫ್ ಅನ್ನು ಅದೇ ಹೆಸರಿನಲ್ಲಿ ಉಳಿಸಬೇಡಿ. ಫೀಲ್ಡಿನ ಅಗಲ ಬದಲಾದರೆ ಮೂಲ ಪ್ರೋಗ್ರಾಂ ಆ ಫೈಲನ್ನು ಮತ್ತೆ ಮುಟ್ಟುವುದಿಲ್ಲ. ಓಡಿಎಸ್ ಅಥವಾ ಸಿಎಸ್‌ವಿ ಮಾಡಿಕೊಂಡು ಮೂಲವನ್ನು ಹಾಗೇ ಬಿಡಿ.

ಮೈಕ್ರೋಸಾಫ್ಟ್ ಆಫೀಸಿನ ವಿಷಯದಲ್ಲಿ ಒಂದು ಸೋಜಿಗವಿದೆ. ವರ್ಡ್ 95 ಮತ್ತು ಅದಕ್ಕಿಂತ ಹಿಂದಿನ ಫೈಲುಗಳನ್ನು ಇಂದಿನ ವರ್ಡ್ ಸುರಕ್ಷತೆಯ ಕಾರಣಕ್ಕೆ ತಡೆಯುತ್ತದೆ. ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಫೈಲ್ ಬ್ಲಾಕ್ ಸೆಟ್ಟಿಂಗ್ಸ್ ಎಂದು ಒಳಗೆ ಹೋಗಿ ತಡೆ ತೆಗೆಯಬಹುದು. ಆದರೆ ಒಂದು ಫೈಲಿಗಾಗಿ ಕಾವಲು ಸಡಿಲಿಸಿ ಮರೆತುಬಿಡುವುದಕ್ಕಿಂತ ಲಿಬ್ರೆಆಫೀಸಿನಲ್ಲಿ ತೆರೆದು ಹೊಸ ರೂಪದಲ್ಲಿ ಉಳಿಸುವುದೇ ಲೇಸು. ಆ್ಯಕ್ಸೆಸ್ 97ರ ಡೇಟಾಬೇಸ್‌ಗಳನ್ನು ಆ್ಯಕ್ಸೆಸ್ 2013 ಮತ್ತು ನಂತರದವು ತೆರೆಯುವುದೇ ಇಲ್ಲ. ಅದಕ್ಕೆ ಆ್ಯಕ್ಸೆಸ್ 2010 ಇರುವ ಯಂತ್ರ ಹುಡುಕಿ ಪರಿವರ್ತಿಸಬೇಕು, ಇಲ್ಲವೇ ಲಿನಕ್ಸ್‌ನ ಎಂಡಿಬಿ-ಟೂಲ್ಸ್ ಬಳಸಿ ಪ್ರತಿ ಟೇಬಲನ್ನೂ ಸಿಎಸ್‌ವಿ ಆಗಿ ಇಳಿಸಿಕೊಳ್ಳಬೇಕು. ಎರಡನೆಯ ದಾರಿಯಲ್ಲಿ ಫಾರ್ಮ್, ರಿಪೋರ್ಟ್‌ಗಳು ಹೋಗುತ್ತವೆ, ದತ್ತಾಂಶ ಉಳಿಯುತ್ತದೆ.

ನೂರಾರು ಫೈಲುಗಳಿದ್ದರೆ ಲಿಬ್ರೆಆಫೀಸನ್ನು ಹೆಡ್‌ಲೆಸ್ (ಕಿಟಕಿ ತೆರೆಯದ) ವಿಧಾನದಲ್ಲಿ ಕಮಾಂಡ್ ಸಾಲಿನಿಂದ ಓಡಿಸಿ ಒಟ್ಟಿಗೇ ಪರಿವರ್ತಿಸಬಹುದು. ಆಗ ಲಿಬ್ರೆಆಫೀಸಿನ ಕಿಟಕಿ ಬೇರೆ ಕಡೆ ತೆರೆದಿರಬಾರದು. ತೆರೆದಿದ್ದರೆ ಎಷ್ಟೋ ಸಲ ಆದೇಶ ಏನೂ ಮಾಡದೆ, ದೋಷವನ್ನೂ ತೋರಿಸದೆ ಮುಗಿದುಹೋಗುತ್ತದೆ.

ಕನ್ನಡ ಫೈಲುಗಳ ಪಾಡು ಬೇರೆ

ನುಡಿ, ಬರಹ, ಶ್ರೀಲಿಪಿ, ಆಕೃತಿ ಕಾಲದ ಫೈಲ್ ತೆರೆದುಕೊಂಡರೂ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಫೈಲ್ ಕೆಟ್ಟಿಲ್ಲ. ಆ ತಂತ್ರಾಂಶಗಳು ಕನ್ನಡ ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಹಳೆಯ ಫಾಂಟ್ ಹಾಕಿದರೆ ಓದಲು ಬರುತ್ತದೆ. ಹುಡುಕಲು, ಅಕಾರಾದಿಯಲ್ಲಿ ಜೋಡಿಸಲು, ವೆಬ್ಬಿಗೆ ಏರಿಸಲು ಯೂನಿಕೋಡಿಗೆ ತಿರುಗಿಸಲೇಬೇಕು.

ಪರಿವರ್ತಕಗಳು ಹಲವಿವೆ. ಅವುಗಳನ್ನು ಅಳೆಯಲು ಎರಡು ಪದ ಸಾಕು: 'ಸೂರ್ಯ', 'ರಾಷ್ಟ್ರ'. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ವ್ಯಂಜನದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಆ ರಕಾರ ವ್ಯಂಜನಕ್ಕಿಂತ ಮೊದಲೇ ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ 'ಸೂರ್ಯ' ಕೆಟ್ಟು ಬರುತ್ತದೆ. ಎರಡು ಒತ್ತಕ್ಷರವಿರುವ 'ಷ್ಟ್ರ' ಮುರಿದರೆ ಅಂಥ ಪರಿವರ್ತಕವನ್ನು ಅಲ್ಲಿಗೇ ಬಿಡಿ.

ಇನ್ನೂ ದೊಡ್ಡ ತೊಡಕು ನಡುನಡುವೆ ಇಂಗ್ಲಿಷ್ ಇರುವ ಫೈಲುಗಳದ್ದು. ಬರಹವನ್ನು ನೋಟ್‌ಪ್ಯಾಡಿಗೆ ಅಂಟಿಸಿ ಪರಿವರ್ತಿಸಿದರೆ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಸವಾಗಿ ಬದಲಾಗುತ್ತವೆ, ಏಕೆಂದರೆ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ನೋಟ್‌ಪ್ಯಾಡಿನಲ್ಲಿ ಉಳಿಯುವುದಿಲ್ಲ. ಫಾಂಟ್ ಹೆಸರನ್ನು ನೋಡಿ ಆ ಭಾಗವನ್ನಷ್ಟೇ ತಿರುಗಿಸುವ, ಇಡೀ ಡಾಕ್ಯುಮೆಂಟ್ ತೆಗೆದುಕೊಳ್ಳುವ ಪರಿವರ್ತಕವನ್ನೇ ಆರಿಸಿ. ಶ್ರೀಲಿಪಿ, ಆಕೃತಿಗಳ ಅಕ್ಷರಜೋಡಣೆ ನುಡಿಯದಕ್ಕಿಂತ ಬೇರೆ, ಆದ್ದರಿಂದ ನುಡಿಯ ಪರಿವರ್ತಕಕ್ಕೆ ಅವನ್ನು ಕೊಡಬೇಡಿ. ಪರಿವರ್ತನೆಗೆ ಮೊದಲು ವರ್ಡ್‌ನ ಆಟೋಕರೆಕ್ಟ್ ಆಫ್ ಮಾಡುವುದನ್ನೂ ಮರೆಯಬೇಡಿ. ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಅದು ಬಾಗಿದ ಚಿಹ್ನೆಯಾಗಿ ತಿದ್ದಿದರೆ ಹಳೆಯ ಫಾಂಟಿನಲ್ಲಿ ಅದು ಬೇರೆಯೇ ಅಕ್ಷರದ ಚೂರು.

ಪ್ರೋಗ್ರಾಂ ಯಾವ ಜಾತಿಯದ್ದು?

ಫೈಲ್ ತೆರೆಯಲಿಲ್ಲ, ಪ್ರೋಗ್ರಾಮನ್ನೇ ನಡೆಸಬೇಕು ಎಂದಾದರೆ ಮತ್ತೆ ಹೆಕ್ಸ್ ಎಡಿಟರಿಗೆ ಬನ್ನಿ. ಡಾಸ್, ವಿಂಡೋಸ್‌ಗಳ 'ಇಎಕ್ಸ್‌ಇ' ಫೈಲುಗಳು 'ಎಂಜೆಡ್' ಅಕ್ಷರಗಳಿಂದ ಶುರುವಾಗುತ್ತವೆ. ಸ್ವಲ್ಪ ಕೆಳಗೆ 'ಪಿಇ' ಇದ್ದರೆ 32 ಅಥವಾ 64 ಬಿಟ್ ವಿಂಡೋಸ್ ಪ್ರೋಗ್ರಾಂ. 'ಎನ್‌ಇ' ಇದ್ದರೆ ವಿಂಡೋಸ್ 3.1 ಕಾಲದ 16 ಬಿಟ್. ಎರಡೂ ಇಲ್ಲದಿದ್ದರೆ ಬಹುಮಟ್ಟಿಗೆ ಡಾಸ್. ಈ ಎರಡಕ್ಷರ ನೋಡುವ ಒಂದು ನಿಮಿಷದ ಕೆಲಸ ದಿನಗಟ್ಟಲೆಯ ಪರದಾಟ ತಪ್ಪಿಸುತ್ತದೆ.

64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ನಡೆಸುವುದಿಲ್ಲ. ಪ್ರೊಸೆಸರ್ 64 ಬಿಟ್ ವಿಧಾನದಲ್ಲಿರುವಾಗ ಡಾಸ್ ನಡೆಸಲು ಬೇಕಾದ ವರ್ಚುವಲ್ 8086 ವಿಧಾನ ಸಿಗುವುದಿಲ್ಲ, ಅದನ್ನು ಬಳಸುತ್ತಿದ್ದ ಎನ್‌ಟಿವಿಡಿಎಂ ಎಂಬ ಭಾಗವನ್ನೂ 64 ಬಿಟ್ ವಿಂಡೋಸಿನಲ್ಲಿ ಇಟ್ಟಿಲ್ಲ. 32 ಬಿಟ್ ವಿಂಡೋಸ್ 10ರಲ್ಲಿ ಅದು ಇತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ 'ವಿಂಡೋಸ್ 95' ಆರಿಸಿದರೂ 16 ಬಿಟ್ ಪ್ರೋಗ್ರಾಂ ಏಳುವುದಿಲ್ಲ. ಅದು ಇರುವುದು 32 ಬಿಟ್ ಪ್ರೋಗ್ರಾಂಗಳಿಗೆ ಹಳೆಯ ಆವೃತ್ತಿಯ ವೇಷ ತೋರಿಸಲಿಕ್ಕೆ.

ಡಾಸ್‌ಬಾಕ್ಸ್-ಎಕ್ಸ್: ಡಾಸ್ ಕೆಲಸಕ್ಕೆ ಇದಕ್ಕೆ ಸಾಟಿಯಿಲ್ಲ

ಡಾಸ್‌ಬಾಕ್ಸ್ ಎಂದರೆ ಹೊಸ ಕಂಪ್ಯೂಟರಿನೊಳಗೆ ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್. ಮೂಲ ಡಾಸ್‌ಬಾಕ್ಸ್ ಆಟಗಳಿಗೆಂದೇ ಹುಟ್ಟಿದ್ದು, ಅದರಲ್ಲಿ ಪ್ರಿಂಟರ್ ಬೆಂಬಲವೇ ಇಲ್ಲ. ಲೆಕ್ಕಪತ್ರ, ದಾಸ್ತಾನು, ಗ್ರಂಥಾಲಯದ ಪಟ್ಟಿಯಂಥ ಕೆಲಸದ ಪ್ರೋಗ್ರಾಂಗಳಿಗೆ ಅದರಿಂದಲೇ ಬೆಳೆದ ಡಾಸ್‌ಬಾಕ್ಸ್-ಎಕ್ಸ್ ಬೇಕು. ಇದರ ಟಿಟಿಎಫ್ ಔಟ್‌ಪುಟ್ ಒಂದಕ್ಕೇ ಪೂರ್ತಿ ಅಂಕ ಕೊಡಬಹುದು. 80 ಕಾಲಂ, 25 ಸಾಲಿನ ಪಠ್ಯ ಪರದೆಯನ್ನು ಟ್ರೂಟೈಪ್ ಫಾಂಟಿನಲ್ಲಿ ಬಿಡಿಸುವುದರಿಂದ ದೊಡ್ಡ ಪರದೆಯಲ್ಲೂ ಅಕ್ಷರಗಳು ಚೂಪಾಗಿ ಕಾಣುತ್ತವೆ. ದಿನವಿಡೀ ಆ ಪರದೆಯನ್ನೇ ನೋಡಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ.

ಹೊಂದಿಸುವುದು ಹೀಗೆ. ಹಳೆಯ ಪ್ರೋಗ್ರಾಮಿನ ಇಡೀ ಫೋಲ್ಡರನ್ನು ಎಲ್ಲಾದರೂ ಒಂದು ಕಡೆ ನಕಲಿಸಿ, ಅದರ ತಾಯಿ ಫೋಲ್ಡರನ್ನು ಸಿ ಡ್ರೈವ್ ಎಂದು ಮೌಂಟ್ ಮಾಡಿ. ಈ ಮೌಂಟ್ ಆದೇಶದ ಸಾಲನ್ನು ಕಾನ್ಫಿಗ್ ಫೈಲಿನ ಕೊನೆಯ ಆಟೋಎಕ್ಸೆಕ್ ಭಾಗದಲ್ಲಿ ಬರೆದಿಟ್ಟರೆ ಪ್ರತಿ ಸಲ ಟೈಪಿಸಬೇಕಾಗಿಲ್ಲ. ಫೋಲ್ಡರ್ ಹೆಸರು ಎಂಟಕ್ಷರದೊಳಗೆ, ಖಾಲಿ ಜಾಗವಿಲ್ಲದೆ ಇರಲಿ. ಕ್ಲಿಪ್ಪರ್‌ನಲ್ಲಿ ಕಟ್ಟಿದ ಪ್ರೋಗ್ರಾಮಾದರೆ ಫೈಲ್ ಹ್ಯಾಂಡಲ್‌ಗಳು (ಒಮ್ಮೆಗೆ ತೆರೆದಿಡಬಹುದಾದ ಫೈಲುಗಳ ಮಿತಿ) ಸಾಲದೆ ಅರ್ಧದಲ್ಲೇ ನಿಲ್ಲಬಹುದು. ಹಿಂದೆ ಕಾನ್ಫಿಗ್‌ಡಾಟ್‌ಸಿಸ್‌ನಲ್ಲಿ 'ಫೈಲ್ಸ್' ಸಂಖ್ಯೆ ಏರಿಸಿ, 'ಸೆಟ್ ಕ್ಲಿಪ್ಪರ್' ಎಂಬ ಸಾಲು ಬರೆಯುತ್ತಿದ್ದುದು ಇದಕ್ಕೇ. ಇಲ್ಲಿಯೂ ಎರಡನ್ನೂ ಮಾಡಬೇಕು.

ಮುದ್ರಣಕ್ಕೆ ಪ್ಯಾರಲಲ್ ಭಾಗದಲ್ಲಿ ಮೊದಲ ಪೋರ್ಟಿಗೆ 'ಪ್ರಿಂಟರ್' ಎಂದು ಕೊಡಿ. ಡಾಸ್‌ಬಾಕ್ಸ್-ಎಕ್ಸ್ ಎಪ್ಸನ್ ಮಾದರಿಯ ಪ್ರಿಂಟರಿನಂತೆ ನಟಿಸುತ್ತದೆ, ಆದ್ದರಿಂದ ಹಳೆಯ ಪ್ರೋಗ್ರಾಮಿನ ಪ್ರಿಂಟರ್ ಪಟ್ಟಿಯಲ್ಲಿ ಎಪ್ಸನ್ ಎಲ್‌ಕ್ಯೂ ಆರಿಸಬೇಕು. ಫಲಿತಾಂಶವನ್ನು ಚಿತ್ರ ಫೈಲಾಗಿ, ಪೋಸ್ಟ್‌ಸ್ಕ್ರಿಪ್ಟ್ ಆಗಿ ಅಥವಾ ನಿಜವಾದ ಪ್ರಿಂಟರಿಗೆ ಕಳಿಸಬಹುದು. 'ಪ್ರಿಂಟ್ ಕೊಟ್ಟೆ, ಏನೂ ಬರಲಿಲ್ಲ' ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಒಂದೇ ಕಾರಣ: ಪ್ರೋಗ್ರಾಂ ಪುಟದ ಕೊನೆಗೆ ಫಾರ್ಮ್‌ಫೀಡ್ (ಪುಟ ಹೊರಹಾಕುವ ಸಂಕೇತ) ಕಳಿಸುತ್ತಿಲ್ಲ, ಎಮ್ಯುಲೇಟರ್ ಪುಟ ತುಂಬಲೆಂದು ಕಾಯುತ್ತಲೇ ಇದೆ. ಪ್ರಿಂಟರ್ ಭಾಗದಲ್ಲಿ ಟೈಮ್‌ಔಟ್ ಮೌಲ್ಯ ಕೊಟ್ಟರೆ ಅಷ್ಟು ಹೊತ್ತಿನ ಮೌನದ ನಂತರ ಪುಟ ತಾನೇ ಹೊರಬರುತ್ತದೆ.

'ರನ್‌ಟೈಂ ಎರರ್ 200' ಬಂದರೆ ಅದು ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ. ಶುರುವಿನಲ್ಲಿ ಯಂತ್ರದ ವೇಗವನ್ನು ಅಳೆಯುವಾಗ ಸಂಖ್ಯೆ ತನ್ನ ಜಾಗ ಮೀರಿ ಭಾಗಾಕಾರ ಸೋಲುತ್ತದೆ. ಪೆಂಟಿಯಂ 2 ಬಂದಾಗಿನಿಂದ ಇರುವ ರೋಗ ಇದು. ಎಮ್ಯುಲೇಟರಿನ ವೇಗ ನಿರ್ಧರಿಸುವ ಸೈಕಲ್ಸ್ ಸೆಟ್ಟಿಂಗನ್ನು 'ಮ್ಯಾಕ್ಸ್' ಇಟ್ಟಿದ್ದರೆ 10000ದ ಆಸುಪಾಸಿಗೆ ಇಳಿಸಿ, ಹೆಚ್ಚಾಗಿ ಅಷ್ಟಕ್ಕೇ ಗುಣವಾಗುತ್ತದೆ. ಹಳೆಯ ಫಾಕ್ಸ್‌ಪ್ರೊ 'ಡಿವೈಡ್ ಬೈ ಜೀರೊ' ಎಂದು ನಿಂತರೂ ಇದೇ ಮದ್ದು ಮಾಡಿ ನೋಡಿ.

ಕೊರತೆಯೂ ಇದೆ. ಡಾಸ್‌ಬಾಕ್ಸ್-ಎಕ್ಸ್ ಓಡುತ್ತಿರುವಾಗ ಹೊರಗಿನಿಂದ ಅದೇ ಫೋಲ್ಡರಿಗೆ ಫೈಲ್ ಹಾಕಿದರೆ ಒಳಗೆ ತಕ್ಷಣ ಕಾಣದೇ ಹೋಗಬಹುದು, 'ರೀಸ್ಕ್ಯಾನ್' ಆದೇಶ ಕೊಡಬೇಕು. ಸೆಟ್ಟಿಂಗ್‌ಗಳು ನೂರಾರು, ಹೊಸಬರಿಗೆ ಎಲ್ಲಿಂದ ಹಿಡಿಯಬೇಕೆಂದು ತೋಚುವುದಿಲ್ಲ. ಮೇಲೆ ಹೇಳಿದ ನಾಲ್ಕೈದನ್ನು ಬಿಟ್ಟು ಉಳಿದವನ್ನು ಮುಟ್ಟದಿರುವುದೇ ಕ್ಷೇಮ.

ಓಟಿವಿಡಿಎಂ: ಚಿಕ್ಕದು, ಚೊಕ್ಕದು

ಹೆಕ್ಸ್ ಎಡಿಟರಿನಲ್ಲಿ 'ಎನ್‌ಇ' ಕಂಡ 16 ಬಿಟ್ ವಿಂಡೋಸ್ ಪ್ರೋಗ್ರಾಂಗಳಿಗೆ ಇದು. ಜಿಪ್ ಬಿಡಿಸಿ, ಹಳೆಯ ಇಎಕ್ಸ್‌ಇಯನ್ನು ಎಳೆದು ಓಟಿವಿಡಿಎಂ ಐಕಾನ್ ಮೇಲೆ ಬಿಟ್ಟರೆ ಪ್ರೋಗ್ರಾಂ ಹೊಸ ವಿಂಡೋಸಿನಲ್ಲೇ, ಮಾಮೂಲಿ ಕಿಟಕಿಯಾಗಿ ತೆರೆದುಕೊಳ್ಳುತ್ತದೆ. ಜೊತೆಗಿರುವ ಇನ್‌ಸ್ಟಾಲ್ ಶಾರ್ಟ್‌ಕಟ್ ಒತ್ತಿದರೆ ಡಬಲ್ ಕ್ಲಿಕ್ಕಿಗೇ ಏಳುತ್ತದೆ. ಹೊಸ ಫೋಲ್ಡರುಗಳು, ಕ್ಲಿಪ್‌ಬೋರ್ಡ್ ಎಲ್ಲ ನೇರವಾಗಿ ಸಿಗುತ್ತವೆ, ವರ್ಚುವಲ್ ಮಷೀನಿನ ಗೋಡೆ ಇಲ್ಲ. 90ರ ದಶಕದ 32 ಬಿಟ್ ಪ್ರೋಗ್ರಾಂಗಳ ಸೆಟಪ್ ಫೈಲ್ ಮಾತ್ರ 16 ಬಿಟ್ ಇರುವುದು ಬಹಳ ಸಾಮಾನ್ಯ. ಅಲ್ಲಿ ಇನ್‌ಸ್ಟಾಲ್ ಮಾಡುವಷ್ಟಕ್ಕೆ ಇದನ್ನು ಬಳಸಿ, ಆಮೇಲೆ ಪ್ರೋಗ್ರಾಂ ತಾನಾಗಿ ನಡೆಯುತ್ತದೆ. ಯಂತ್ರಾಂಶವನ್ನು ನೇರ ಮುಟ್ಟುವ, ತನ್ನದೇ ವಿಎಕ್ಸ್‌ಡಿ ಡ್ರೈವರ್ ಕೇಳುವ ಪ್ರೋಗ್ರಾಂಗಳಿಗೆ ಇದರಿಂದ ಪ್ರಯೋಜನವಿಲ್ಲ. ಅವಕ್ಕೆ ಡಾಸ್‌ಬಾಕ್ಸ್-ಎಕ್ಸ್‌ನೊಳಗೆ ವಿಂಡೋಸ್ 3.1 ಅಥವಾ 98 ಹಾಕುವುದೇ ದಾರಿ.

32 ಬಿಟ್ ಪ್ರೋಗ್ರಾಂ ನಡೆದರೂ ತಕರಾರು ಮಾಡಿದರೆ

'ಪಿಇ' ಪ್ರೋಗ್ರಾಂಗಳು ವಿಂಡೋಸ್ 11ರಲ್ಲೂ ಬಹುಪಾಲು ನಡೆಯುತ್ತವೆ. ಎಡವುವುದು ಬೇರೆಲ್ಲೋ. ಹಳೆಯ ಪ್ರೋಗ್ರಾಂಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆಯಲು ನೋಡುತ್ತವೆ. ವಿಂಡೋಸ್ ಅದನ್ನು ಗುಟ್ಟಾಗಿ ಬಳಕೆದಾರನ ಆ್ಯಪ್‌ಡೇಟಾದೊಳಗಿನ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ತಿರುಗಿಸುತ್ತದೆ. ಒಬ್ಬರು ತುಂಬಿಸಿದ ದಾಖಲೆ ಅದೇ ಯಂತ್ರದ ಇನ್ನೊಬ್ಬ ಬಳಕೆದಾರರಿಗೆ ಕಾಣದಿರುವುದು, ಬ್ಯಾಕಪ್‌ನಲ್ಲಿ ಹಳೆಯ ದತ್ತಾಂಶವೇ ಸಿಗುವುದು ಇದರಿಂದ. ಅಂಥವನ್ನು ಪ್ರೋಗ್ರಾಂ ಫೈಲ್ಸ್ ಬಿಟ್ಟು ಸಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಇನ್‌ಸ್ಟಾಲ್ ಮಾಡಿ.

ಡೆಲ್ಫಿಯಲ್ಲಿ ಬರೆದ, ಬೋರ್ಲೆಂಡ್ ಡೇಟಾಬೇಸ್ ಎಂಜಿನ್ (ಬಿಡಿಇ) ಬಳಸುವ ಪ್ರೋಗ್ರಾಂಗಳಿಗೆ ಎರಡು ವಿಶೇಷ ಕಾಯಿಲೆಗಳು. ಆ ಎಂಜಿನ್ ನೆಟ್‌ವರ್ಕ್ ಲಾಕ್ ಫೈಲನ್ನು ಸಿ ಡ್ರೈವಿನ ಬುಡದಲ್ಲೇ ಬರೆಯಲು ಹೋಗಿ ಅನುಮತಿ ಸಿಗದೆ ನಿಲ್ಲುತ್ತದೆ. ಬಿಡಿಇ ಅಡ್ಮಿನಿಸ್ಟ್ರೇಟರ್ ತೆರೆದು ಪ್ಯಾರಡಾಕ್ಸ್ ಡ್ರೈವರಿನ 'ನೆಟ್ ಡಿರ್' ಅನ್ನು ಬರೆಯಲು ಅನುಮತಿಯಿರುವ ಫೋಲ್ಡರಿಗೆ ಬದಲಿಸಿ. ಎರಡನೆಯದು, ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇದ್ದರೂ 'ಜಾಗ ಸಾಲದು' ಎನ್ನುವುದು. ಖಾಲಿ ಜಾಗ ಸರಿಸುಮಾರು 4 ಜಿಬಿಯ ಗುಣಕಕ್ಕೆ ಬಂದಾಗ ಅದರ 32 ಬಿಟ್ ಲೆಕ್ಕ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಕೆಲವು ನೂರು ಎಂಬಿಯ ಒಂದು ಫೈಲನ್ನು ಡಿಸ್ಕಿಗೆ ಸೇರಿಸಿದರೆ ಅಥವಾ ಅಳಿಸಿದರೆ ಆ ದಿನಕ್ಕೆ ಸರಿಹೋಗುತ್ತದೆ.

ವರ್ಚುವಲ್‌ಬಾಕ್ಸ್: ಕೊನೆಯ ಅಸ್ತ್ರ

ಮೇಲಿನ ಯಾವುದೂ ಸಾಲದಾದಾಗ ವರ್ಚುವಲ್ ಮಷೀನ್ ಕಟ್ಟಿಕೊಡುವ ಒರಾಕಲ್‌ನ ವರ್ಚುವಲ್‌ಬಾಕ್ಸ್. ಎಕ್ಸ್‌ಪಿ, ವಿಂಡೋಸ್ 7ಕ್ಕೆ ಇದು ಗಟ್ಟಿ ಆಯ್ಕೆ, ಹಳೆಯ ವಿಂಡೋಸಿನ ಪರವಾನಗಿ ಮಾತ್ರ ನಿಮ್ಮ ಬಳಿ ಇರಬೇಕು. ಎಕ್ಸ್‌ಪಿ ಹಾಕುವಾಗ ಡಿಸ್ಕನ್ನು ಸಾಟಾ ಬದಲು ಐಡಿಇ ಕಂಟ್ರೋಲರಿಗೆ ಜೋಡಿಸಿ. ಎಕ್ಸ್‌ಪಿಯ ಸಿಡಿಯಲ್ಲಿ ಸಾಟಾಗೆ ಬೇಕಾದ ಎಎಚ್‌ಸಿಐ ಡ್ರೈವರ್ ಇಲ್ಲ. ಆದ್ದರಿಂದಲೇ ಐಡಿಇಯಿಂದ ಸಾಟಾಗೆ ಬದಲಿಸಿದ ಎಕ್ಸ್‌ಪಿ ಡಿಸ್ಕ್ 7ಬಿ ಸಂಖ್ಯೆಯ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಇನ್‌ಸ್ಟಾಲ್ ಮುಗಿದ ಕೂಡಲೇ ಒಂದು ಸ್ನ್ಯಾಪ್‌ಶಾಟ್ (ಮತ್ತೆ ಮರಳಬಹುದಾದ ಆ ಕ್ಷಣದ ಪ್ರತಿ) ತೆಗೆದು, ನೆಟ್‌ವರ್ಕನ್ನು 'ನಾಟ್ ಅಟ್ಯಾಚ್ಡ್' ಮಾಡಿ. 2014ರ ಏಪ್ರಿಲ್‌ನಲ್ಲೇ ಬೆಂಬಲ ಮುಗಿದ ಎಕ್ಸ್‌ಪಿಯನ್ನು ಇಂಟರ್‌ನೆಟ್ಟಿಗೆ ಬಿಡುವುದು ಬೇಡವೇ ಬೇಡ. ಫೈಲ್ ಸಾಗಿಸಲು ಗೆಸ್ಟ್ ಅಡಿಷನ್ಸ್ (ಒಳಗಿನ ವಿಂಡೋಸಿಗೆ ವರ್ಚುವಲ್‌ಬಾಕ್ಸ್ ಕೊಡುವ ಡ್ರೈವರ್‌ಗಳ ಕಟ್ಟು) ಹಾಕಿದರೆ ಸಿಗುವ ಶೇರ್ಡ್ ಫೋಲ್ಡರ್ ಸಾಕು.

ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಂಡರೆ ವರ್ಚುವಲ್‌ಬಾಕ್ಸ್ ವಿಂಡೋಸಿನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿಯ ಮೇಲೆ ಕೂತು ಓಡುತ್ತಿದೆ ಎಂದರ್ಥ, ಎಲ್ಲವೂ ನಿಧಾನ. ವಿಂಡೋಸ್ 11ರ ಕೋರ್ ಐಸೊಲೇಷನ್, ಮೆಮೊರಿ ಇಂಟೆಗ್ರಿಟಿಗಳೂ ಇದಕ್ಕೆ ಕಾರಣವಾಗುತ್ತವೆ. ಭದ್ರತೆಯನ್ನು ತೆಗೆದು ವೇಗ ಪಡೆಯುವ ಮೊದಲು ಹಳೆಯ ಪ್ರೋಗ್ರಾಮಿಗೆ ಆ ವೇಗ ನಿಜಕ್ಕೂ ಬೇಕೇ ನೋಡಿ. ಎಕ್ಸ್‌ಪಿ ಕಾಲದ ಕಚೇರಿ ಕೆಲಸಕ್ಕೆ ಆಮೆಯ ನಡಿಗೆಯೂ ಧಾರಾಳ.

ವಿಂಡೋಸ್ 95, 98ಕ್ಕೆ ವರ್ಚುವಲ್‌ಬಾಕ್ಸನ್ನು ಶಿಫಾರಸು ಮಾಡಲಾಗದು. ಅವಕ್ಕೆ ಗೆಸ್ಟ್ ಅಡಿಷನ್ಸ್ ಇಲ್ಲ. ವಿಂಡೋಸ್ 95ರ ನೆಟ್‌ವರ್ಕ್ ಡ್ರೈವರಿನಲ್ಲಿರುವ ದೋಷದಿಂದ 2.1 ಗಿಗಾಹರ್ಟ್ಜ್‌ಗಿಂತ ವೇಗದ ಪ್ರೊಸೆಸರಿನಲ್ಲಿ 'ಪ್ರೊಟೆಕ್ಷನ್ ಎರರ್' ಬರುತ್ತದೆ. 98ಕ್ಕೆ 512 ಎಂಬಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ ಅದರ ಡಿಸ್ಕ್ ಕ್ಯಾಷೇ ತೊಂದರೆ ಕೊಡುತ್ತದೆ, 256 ಎಂಬಿ ಬೇಕಾದಷ್ಟಾಯಿತು. ಇವೆರಡಕ್ಕೆ ಹಳೆಯ ಯಂತ್ರವನ್ನೇ ಚಿಪ್ ಚಿಪ್ ಆಗಿ ಅನುಕರಿಸುವ 86ಬಾಕ್ಸ್ ಮೇಲು, ಆದರೆ ಅದು ಹೊಸ ಪ್ರೊಸೆಸರನ್ನೂ ಬೆವರಿಳಿಸುತ್ತದೆ.

ಆ್ಯಪಲ್ ಸಿಲಿಕಾನ್ ಮ್ಯಾಕ್ ಇರುವವರು ಗಮನಿಸಿ: ಅಲ್ಲಿನ ವರ್ಚುವಲ್‌ಬಾಕ್ಸ್ ಇಂಟೆಲ್ ಪ್ರೊಸೆಸರಿನ ಎಕ್ಸ್‌ಪಿಯನ್ನು ನಡೆಸುವುದಿಲ್ಲ. ಯುಟಿಎಂ ಎಂಬ ಇನ್ನೊಂದು ಪ್ರೋಗ್ರಾಂ ನಡೆಸುತ್ತದೆ, ನಿಧಾನವಾಗಿ. ಡಾಸ್‌ಬಾಕ್ಸ್-ಎಕ್ಸ್ ಮಾತ್ರ ಅಲ್ಲೂ ಲವಲವಿಕೆಯಿಂದ ಓಡುತ್ತದೆ.

ಹಾರ್ಡ್‌ವೇರ್ ಡಾಂಗಲ್ (ಪರವಾನಗಿಯ ಗುರುತಾಗಿ ಪೋರ್ಟಿಗೆ ಚುಚ್ಚುವ ಸಾಧನ) ಕೇಳುವ ಪ್ರೋಗ್ರಾಂಗಳಲ್ಲಿ ಯುಎಸ್‌ಬಿ ಡಾಂಗಲ್ ಇದ್ದರೆ ವರ್ಚುವಲ್‌ಬಾಕ್ಸಿನ ಯುಎಸ್‌ಬಿ ಫಿಲ್ಟರಿನಲ್ಲಿ ಅದನ್ನು ಸೇರಿಸಿ ಒಳಗಿನ ವಿಂಡೋಸಿಗೆ ಒಪ್ಪಿಸಬಹುದು. ಪ್ರಿಂಟರ್ ಪೋರ್ಟಿಗೆ ಚುಚ್ಚುವ ಹಳೆಯ ಡಾಂಗಲ್ ಆದರೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಕೊಳ್ಳಲು ಹೋಗಬೇಡಿ. ಆ ಕೇಬಲ್‌ಗಳು ಪ್ರಿಂಟರಿಗೆ ದತ್ತಾಂಶ ಕಳಿಸುವುದನ್ನಷ್ಟೇ ಬಲ್ಲವು, ಪೋರ್ಟಿನ ವಿಳಾಸಕ್ಕೆ ನೇರ ಕೈಹಾಕುವ ಡಾಂಗಲ್‌ನ ಪರೀಕ್ಷೆಗೆ ಉತ್ತರ ಕೊಡಲಾರವು. ಅಂಥ ಪ್ರೋಗ್ರಾಮಿಗೆ ನಿಜವಾದ ಪ್ಯಾರಲಲ್ ಪೋರ್ಟ್ ಇರುವ ಹಳೆಯ ಯಂತ್ರವನ್ನೇ ಉಳಿಸಿಕೊಂಡು, ಅದರ ಡಿಸ್ಕಿನ ಪೂರ್ತಿ ಇಮೇಜ್ ಇವತ್ತೇ ತೆಗೆದು ಎರಡು ಕಡೆ ಇಟ್ಟುಕೊಳ್ಳಿ.